ದೀಪ ಆರಿಸದ ನಾಟಕ

ನಾನು ಹೊಟ್ಟೆಪಾಡಿಗೆ ಮನೆ ವೈರಿಂಗ್ ಮಾಡುವವನು, ಚಟಕ್ಕೆ ನಾಟಕಗಳಿಗೆ ಬೆಳಕು ಕೊಡುವವನು. ಬಳ್ಳಾರಿಯ ನಮ್ಮ ಹವ್ಯಾಸಿ ತಂಡದಲ್ಲಿ ಮೂರನೇ ಬೆಲ್ ಆದ ಮೇಲೆ ಸಭಾಂಗಣದ ದೀಪ ಆರಿಸುವ ಅಧಿಕಾರ ನನ್ನದು. ಆ ಕತ್ತಲೆ ಎಂದರೆ ನನಗೆ ಒಂದು ಬಗೆಯ ಸೊಕ್ಕು. ನಾನು ಗುಂಡಿ ತಿರುಗಿಸಿದರೆ ಇಡೀ ಸಭೆ ಬಾಯಿ ಮುಚ್ಚುತ್ತದೆ. ಹೋದ ಚಳಿಗಾಲದಲ್ಲಿ ಮಾಡಿದ ಒಂದು ಆಟದಲ್ಲಿ ಮಾತ್ರ ಆ ದೀಪವನ್ನು ಕೊನೆಯವರೆಗೂ ಆರಿಸಲಿಲ್ಲ. ಮೊಬೈಲ್ ಬಂದ್ ಮಾಡಿ, ಮಾತನಾಡಬೇಡಿ ಎಂದು ಯಾರಿಗೂ ಹೇಳಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಡಿಮೆನ್ಷಿಯಾ, ಅಂದರೆ ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ ಇರುವವರೂ ಅವರ ಮನೆಯವರೂ ಒಟ್ಟಿಗೆ ಕುಳಿತು ನೋಡಲೆಂದು ಕಟ್ಟಿದ ಆಟ ಅದು. ಅಕ್ಕಪಕ್ಕದ ಊರುಗಳ ತಂಡದವರು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳಿ ಸಾಕಾಗಿ ಬರೆಯಲು ಕುಳಿತಿದ್ದೇನೆ.

ಇದಕ್ಕೆಲ್ಲ ಮೂಲ ನಮ್ಮ ಭಾವ. ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅವರಿಗೆ ನಾಟಕದ ಹುಚ್ಚು. ಊರಿಗೆ ಯಾವ ಕಂಪನಿ ಕ್ಯಾಂಪ್ ಹಾಕಿದರೂ ಮೊದಲ ದಿನದ ಆಟಕ್ಕೆ ಹಾಜರು. ಹರೆಯದಲ್ಲಿ ಕೇಳಿದ ಸಂಭಾಷಣೆಗಳು ಈಗಲೂ ಬಾಯಿಪಾಠ, ಬೆಳಿಗ್ಗೆ ಮಾತ್ರೆ ನುಂಗಿದ್ದು ಮಾತ್ರ ನೆನಪಿರುವುದಿಲ್ಲ. ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಝೈಮರ್ ಎಂದು ವೈದ್ಯರು ಹೇಳಿದ ಮೇಲೂ ಅಕ್ಕ ಅವರನ್ನು ನಾಟಕಕ್ಕೆ ಕರೆತರುತ್ತಿದ್ದಳು. ಒಂದು ಸಂಜೆ ಬೇರೊಂದು ತಂಡದ ಆಟದಲ್ಲಿ ಭಾವ ಪಾತ್ರಧಾರಿಗಿಂತ ಅರ್ಧ ಸಾಲು ಮುಂಚೆಯೇ ಮಾತು ಹೇಳತೊಡಗಿದರು. ಸ್ವಯಂಸೇವಕನೊಬ್ಬ ಬಂದು ಮುಖಕ್ಕೆ ಟಾರ್ಚ್ ಬಿಟ್ಟ. ಕತ್ತಲೆಯಲ್ಲಿ ಕಣ್ಣಿಗೆ ಬೆಳಕು ಹೊಡೆದದ್ದೇ ತಡ, ಭಾವ ಗಾಬರಿಯಾಗಿ ಎದ್ದು ಕೂಗಾಡಿದರು. ಆ ತಂಡದವರು ಹೊರಗೆ ಕರೆದುಕೊಂಡು ಹೋಗಿ ಎಂದರು. ಅಕ್ಕ ಕರೆದುಕೊಂಡು ಹೋದಳು. "ಇನ್ನು ಮನೆಯಲ್ಲೇ ಟಿ.ವಿ. ನೋಡಿಕೊಂಡಿರುತ್ತೇವೆ ಬಿಡು ತಮ್ಮಾ" ಎಂದಳು ನನಗೆ. ಆ ಸ್ವಯಂಸೇವಕನನ್ನು ನಾನು ಬಯ್ಯುವಂತಿಲ್ಲ. ನಮ್ಮ ತಂಡದ ಹುಡುಗರಿಗೂ ನಾವು ಕಲಿಸಿದ್ದು ಅದನ್ನೇ.

ತಾಲೀಮಿನ ಹೊತ್ತಿನಲ್ಲಿ ಈ ಮಾತು ಬಂದಾಗ, ಪಾತ್ರ ಮಾಡಲು ಬರುವ ಫಿಸಿಯೋಥೆರಪಿ ಓದುವ ಹುಡುಗಿಯೊಬ್ಬಳು, "ಇದಕ್ಕೊಂದು ದಾರಿ ಇದೆ ಸರ್" ಎಂದಳು. ಇಂಗ್ಲೆಂಡಿನ ಲೀಡ್ಸ್ ನಗರದ ವೆಸ್ಟ್ ಯಾರ್ಕ್‌ಶೈರ್ ಪ್ಲೇಹೌಸ್, ಈಗ ಅದರ ಹೆಸರು ಲೀಡ್ಸ್ ಪ್ಲೇಹೌಸ್, 2014ರಲ್ಲೇ ಡಿಮೆನ್ಷಿಯಾ ಇರುವವರಿಗೆ ಹೊಂದುವಂತೆ ಒಂದು ಸಂಗೀತ ನಾಟಕವನ್ನು ಆಡಿತ್ತು. ಆ ಮೇಲೆ ಬೇರೆ ರಂಗಮಂದಿರಗಳಿಗೆ ಅನುಕೂಲವಾಗಲೆಂದು ಕೈಪಿಡಿಯನ್ನೂ ತಂದಿತು. ಅವರು ಮಾಡುವುದು ಇಷ್ಟು: ಪ್ರೇಕ್ಷಕರ ಕಡೆಯ ದೀಪವನ್ನು ಪೂರ್ತಿ ಆರಿಸುವುದಿಲ್ಲ, ಎದೆ ಝಲ್ಲೆನಿಸುವ ಸದ್ದು ತಗ್ಗಿಸುತ್ತಾರೆ, ಎದ್ದು ಓಡಾಡಲು ಬಿಡುತ್ತಾರೆ, ಬೇಸರವಾದರೆ ಕೂರಲು ಒಂದು ಶಾಂತವಾದ ಕೋಣೆ ಇಡುತ್ತಾರೆ, ಸಿಬ್ಬಂದಿಗೆ ತರಬೇತಿ ಕೊಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಡಿಮೆನ್ಷಿಯಾ ಇರುವವರನ್ನೇ ಕರೆದು ಏನು ಬೇಕು ಎಂದು ಕೇಳುತ್ತಾರೆ.

ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ. ಕಂಪನಿಯಲ್ಲಿ ಹಾಸ್ಯ ಪಾತ್ರ ಮಾಡಿಕೊಂಡು ಊರೂರು ಸುತ್ತಿ ಬಂದವರು, ಎಲ್ಲರಿಗೂ ಮಾವ. ಹುಡುಗಿ ಹೇಳಿದ್ದನ್ನೆಲ್ಲ ಕೇಳಿ ಎಲೆಗೆ ಸುಣ್ಣ ಹಚ್ಚುತ್ತಾ, "ಇದಕ್ಕೆ ಇಂಗ್ಲೆಂಡಿಗೆ ಯಾಕೆ ಹೋಗಬೇಕಮ್ಮಾ? ನಮ್ಮ ಟೆಂಟಿನಲ್ಲಿ ಜನ ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದರು, ನಿದ್ದೆ ಬಂದರೆ ಅಲ್ಲೇ ಮಲಗುತ್ತಿದ್ದರು, ಮಗು ಅತ್ತರೆ ಹೊರಗೆ ಹೋಗಿ ಬರುತ್ತಿದ್ದರು. ಹಾಡು ಹಿಡಿಸಿದರೆ ಒನ್ಸ್ ಮೋರ್ ಎನ್ನುತ್ತಿದ್ದರು, ಸತ್ತು ಬಿದ್ದ ರಾಜ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ. ಬಾಯಿ ಮುಚ್ಚಿಕೊಂಡು ಕತ್ತಲಲ್ಲಿ ಕೂರಬೇಕು ಎಂದು ಕಲಿಸಿದವರು ನೀವು" ಎಂದರು. ನಿರ್ದೇಶಕರ ಮುಖ ಕೆಂಪಾಯಿತು. ರಂಗಶಿಸ್ತು ಎಂಬ ಮಾತನ್ನು ಅವರು ದಿನಕ್ಕೆ ಹತ್ತು ಸಲ ಆಡುವವರು.

ಮಾವನ ಮಾತು ಅರ್ಧ ನಿಜ, ಆದರೆ ದೊಡ್ಡ ಅರ್ಧ. ನಮ್ಮ ಸೀಮೆಯ ಬಯಲಾಟವಾಗಲಿ ಕಂಪನಿ ನಾಟಕವಾಗಲಿ ಪ್ರೇಕ್ಷಕನನ್ನು ಕುರ್ಚಿಗೆ ಕಟ್ಟಿಹಾಕಿದ್ದಿಲ್ಲ. ಕಥೆ ಮೊದಲೇ ಗೊತ್ತು, ಹಾಗಾಗಿ ನಡುವೆ ಒಂದು ದೃಶ್ಯ ತಪ್ಪಿದರೂ ಏನೂ ಕೆಡುವುದಿಲ್ಲ. ಹಾಗೆಂದು ಅಲ್ಲಿ ಎಲ್ಲವೂ ಸರಿಯಿತ್ತು ಎನ್ನಲಾಗದು. ಬಯಲಾಟ ಶುರುವಾಗುವುದೇ ರಾತ್ರಿ ಊಟದ ಮೇಲೆ, ಮುಗಿಯುವುದು ಬೆಳಗಿನ ಜಾವ. ರಾಕ್ಷಸ ಪಾತ್ರ ರಂಗಕ್ಕೆ ಬರುವ ಅಬ್ಬರಕ್ಕೆ ಗಟ್ಟಿ ಗುಂಡಿಗೆಯವರೂ ಬೆಚ್ಚುತ್ತಾರೆ. ಲೀಡ್ಸ್‌ನವರಿಂದ ಕೆಲವನ್ನು, ಮಾವನಿಂದ ಕೆಲವನ್ನು ಪಡೆಯೋಣ ಎಂಬ ಒಪ್ಪಂದಕ್ಕೆ ಬಂದೆವು. ಮುಗಿದ ಮೇಲೆ ಲೆಕ್ಕ ಹಾಕಿದರೆ ಮಾವನಿಂದ ಪಡೆದದ್ದೇ ಹೆಚ್ಚು.

ಪ್ರೇಕ್ಷಕರನ್ನು ಹುಡುಕುವುದು ನಾಟಕ ಕಟ್ಟುವುದಕ್ಕಿಂತ ಕಷ್ಟವಾಯಿತು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಆದರೆ ನಮ್ಮ ಓಣಿಯಲ್ಲಿ ಕೇಳಿ ನೋಡಿ, ಒಬ್ಬರೂ ಸಿಗುವುದಿಲ್ಲ. "ವಯಸ್ಸಾಯಿತಲ್ಲ, ಅರಳು ಮರಳು" ಎಂದು ಕದ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರಂತೂ ಮಾತೇ ಇಲ್ಲ. ಪರಿಚಯದ ವೈದ್ಯರೊಬ್ಬರು ಮನೆಯವರನ್ನು ಮೊದಲು ಕೇಳಿ, ಒಪ್ಪಿದವರ ಫೋನ್ ನಂಬರ್ ಮಾತ್ರ ನಮಗೆ ಕೊಟ್ಟರು. ಆಶಾ ಕಾರ್ಯಕರ್ತೆಯರು ಇನ್ನಷ್ಟು ಮನೆ ತೋರಿಸಿದರು. ಅವರಿಗೆ ತಿಳಿಯದ ಮನೆ ಊರಿನಲ್ಲಿಲ್ಲ. ಕೌಲ್ ಬಜಾರಿನಿಂದ ಗಾಂಧಿನಗರದವರೆಗೆ ಅಲೆದು ಹದಿನೈದಿಪ್ಪತ್ತು ಕುಟುಂಬಗಳು ಬರಲು ಒಪ್ಪಿದವು.

ಆಹ್ವಾನ ಪತ್ರಿಕೆಯಲ್ಲಿ ಕಾಯಿಲೆಯ ಹೆಸರನ್ನು ದೊಡ್ಡದಾಗಿ ಹಾಕಲಿಲ್ಲ. ದಪ್ಪ ಅಕ್ಷರ, ಬಿಳಿಯ ಮೇಲೆ ಕಪ್ಪು, ಜೊತೆಗೆ ಚಿತ್ರಗಳು: ಸಭಾಂಗಣದ ಗೇಟು, ಅದರ ಪಕ್ಕದ ಬೇವಿನ ಮರ, ಒಳಗಿನ ಕುರ್ಚಿಗಳು, ಪಾತ್ರಧಾರಿಗಳು ಬಣ್ಣ ಹಚ್ಚುವ ಮೊದಲು ಮತ್ತು ಹಚ್ಚಿದ ಮೇಲೆ. ಇದನ್ನು ವಾರ ಮುಂಚೆ ಮನೆಗೆ ಕೊಟ್ಟು, ದಿನಾ ಒಮ್ಮೆ ತೋರಿಸಿ ಎಂದೆವು.

ಸಭಾಂಗಣದ ಹೆಸರು ಬೇಡ. ಊರಿನ ಬೇರೆ ಸಭಾಂಗಣಗಳ ಸ್ಥಿತಿ ಅದಕ್ಕಿಂತ ಭಿನ್ನವೇನಲ್ಲ. ಅಲ್ಲಿಗೆ ಅಕ್ಕ, ಭಾವ ಇಬ್ಬರನ್ನೂ ಒಂದು ಬೆಳಿಗ್ಗೆ ಕರೆದುಕೊಂಡು ಹೋದೆ. ನಾನು ಆ ಬಾಗಿಲನ್ನು ಎಷ್ಟು ವರ್ಷದಿಂದ ದಾಟುತ್ತಿದ್ದೇನೋ, ಅದರ ಮುಂದೆ ಕಪ್ಪು ಮ್ಯಾಟ್ ಹಾಸಿದೆ ಎಂಬುದನ್ನೇ ಗಮನಿಸಿರಲಿಲ್ಲ. ಭಾವ ಅದರ ಅಂಚಿನಲ್ಲಿ ನಿಂತುಬಿಟ್ಟರು. ಒಂದು ಕಾಲು ಎತ್ತಿದರು, ಮುಂದಿಡಲಿಲ್ಲ. ಅಕ್ಕನ ಮುಂಗೈಯನ್ನು ಬಿಗಿಯಾಗಿ ಹಿಡಿದು "ಹಳ್ಳ" ಎಂದರು. ಮಿದುಳು ಆಳ, ಅಂತರಗಳನ್ನು ಸರಿಯಾಗಿ ಅಳೆಯದೆ ಹೋದಾಗ ನೆಲದ ಮೇಲಿನ ಕಪ್ಪು ಚೌಕ ಗುಂಡಿಯ ಹಾಗೆ ಕಾಣುತ್ತದೆ ಎಂದು ಫಿಸಿಯೋಥೆರಪಿ ಹುಡುಗಿ ಆಮೇಲೆ ಬಿಡಿಸಿ ಹೇಳಿದಳು. ನಾನು ಮ್ಯಾಟ್ ಎಳೆದು ಪಕ್ಕಕ್ಕೆ ಹಾಕಿದೆ. ಭಾವ ಒಳಗೆ ಬಂದರು.

ಒಳಗೆ ಇನ್ನೂ ಇದ್ದವು. ಹೊಳೆಯುವ ಗ್ರಾನೈಟ್ ನೆಲ ಅವರಿಗೆ ಒದ್ದೆಯಾಗಿ ಕಂಡಿತು, ಪಂಚೆ ಎತ್ತಿ ಹಿಡಿದು ನಡೆದರು. ಮೆಟ್ಟಿಲುಗಳ ಅಂಚು ನೆಲದ ಬಣ್ಣದಲ್ಲೇ ಕಲಸಿಹೋಗಿತ್ತು. ಶೌಚಾಲಯಕ್ಕೆ ಹೋದವರು ತಕ್ಷಣ ಹೊರಗೆ ಬಂದು, "ಒಳಗೆ ಯಾರೋ ಹಿರಿಯರು ನಿಂತಿದ್ದಾರೆ, ಅವರು ಬರಲಿ" ಎಂದರು. ಕನ್ನಡಿ. ಅದಕ್ಕೆ ಆಟದ ದಿನ ಬಿಳಿ ಹಾಳೆ ಅಂಟಿಸಿದೆವು. ಮೆಟ್ಟಿಲಿನ ಅಂಚಿಗೆ ಹಳದಿ ಪಟ್ಟಿ ಬಂತು. ಗಂಡಸರು, ಹೆಂಗಸರು ಎಂಬ ಸಣ್ಣ ಹಿತ್ತಾಳೆ ಫಲಕಗಳ ಮೇಲೆ ದೊಡ್ಡ ಚಿತ್ರಗಳು ಬಂದವು. ಒಳಗಡೆಯಿಂದ ಯಾವ ಬಾಗಿಲು ತೆರೆದರೆ ಹೊರಗೆ ಬರಬಹುದು ಎಂಬುದಕ್ಕೂ ಒಂದು ಫಲಕ. ಹೋಗುವ ದಾರಿ ತೋರಿಸುವವರು ಬರುವ ದಾರಿಯನ್ನು ಮರೆಯುತ್ತಾರೆ. ಇದಕ್ಕೆಲ್ಲ ಆದ ಖರ್ಚು ನಾವು ಒಂದು ನಾಟಕದ ಬ್ಯಾನರಿಗೆ ಸುರಿಯುವ ಹಣಕ್ಕಿಂತ ಕಡಿಮೆ.

ಸಮಯದ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ. ಹೊತ್ತು ಇಳಿದಂತೆ ಗೊಂದಲ, ಚಡಪಡಿಕೆ ಏರುವುದು ಈ ಕಾಯಿಲೆಯಲ್ಲಿ ಬಹಳ ಜನರಿಗೆ ಇರುವಂಥದ್ದು, ಆದ್ದರಿಂದ ಸಂಜೆಯ ಆಟ ಬೇಡ. ಬೆಳಿಗ್ಗೆ ಹತ್ತೂವರೆಗೆ ಶುರು, ಊಟದ ಹೊತ್ತಿಗೆ ಮನೆಗೆ. ಬಳ್ಳಾರಿಗೆ ಇರುವುದು ಬೇಸಿಗೆ ಮತ್ತು ಕಡು ಬೇಸಿಗೆ ಎಂಬ ಎರಡೇ ಕಾಲ ಎಂದು ನಾವೇ ನಗಾಡಿಕೊಳ್ಳುತ್ತೇವೆ. ಹಾಗಾಗಿ ಡಿಸೆಂಬರ್ ಬಿಟ್ಟರೆ ಬೇರೆ ತಿಂಗಳೂ ಇರಲಿಲ್ಲ.

ಬೆಳಕಿನ ವಿಷಯಕ್ಕೆ ಬರುತ್ತೇನೆ, ಅದು ನನ್ನ ಸೊತ್ತು. ಸಭಾಂಗಣದ ದೀಪಗಳನ್ನು ಸುಮಾರು ಮೂರನೇ ಒಂದರಷ್ಟು ಉರಿಯಬಿಡುವುದೆಂದು ಮಾಡಿದೆ. ಹಾಗೆ ಬಿಟ್ಟರೆ ರಂಗದ ಮೇಲಿನ ಬೆಳಕು ಸಪ್ಪೆಯಾಗುತ್ತದೆ, ಅದನ್ನು ಏರಿಸಬೇಕು. ಏರಿಸಿದರೆ ಮುಖದ ಬಣ್ಣ ತೊಳೆದುಹೋದಂತೆ ಕಾಣುತ್ತದೆ, ಮೇಕಪ್ ಗಾಢ ಮಾಡಬೇಕು. ಪಕ್ಕದಿಂದ ಬಿಡುವ ಬೆಳಕನ್ನು ತೆಗೆದುಹಾಕಿದೆ. ಅದು ಹಿಂದಿನ ಪರದೆಯ ಮೇಲೆ ಆಳೆತ್ತರದ ನೆರಳು ಎಸೆಯುತ್ತದೆ. ಲೆವಿ ಬಾಡಿ ಎಂಬ ಬಗೆಯ ಡಿಮೆನ್ಷಿಯಾದಲ್ಲಿ ಇಲ್ಲದ ಜನ, ಪ್ರಾಣಿಗಳು ಕಣ್ಣಿಗೆ ಕಾಣುವುದುಂಟು. ಅಂಥವರಿಗೆ ನಾವು ಬೇರೆ ನೆರಳು ಕೊಡುವುದು ಬೇಡ. ಮಿಂಚು, ಹೊಗೆ, ಕೆಂಪು ದೀಪ ಮೂರೂ ರದ್ದು. ದೃಶ್ಯ ಬದಲಾಗುವಾಗ ಕತ್ತಲೆ ಮಾಡುವಂತಿಲ್ಲ, ಮತ್ತೇನು? ಮಾವ ತಮ್ಮ ಹಳೆಯ ಕಂಪನಿಯ ದಾರಿ ತೋರಿಸಿದರು: ಬರೆದ ಪರದೆಗಳು. ಬೀದಿ ಪರದೆ, ಕಾಡಿನ ಪರದೆ, ದರ್ಬಾರ್ ಪರದೆ. ಎದುರಿಗೇ ಒಂದು ಸುತ್ತಿ ಮೇಲೇರುತ್ತದೆ, ಇನ್ನೊಂದು ಇಳಿಯುತ್ತದೆ. ಈಗ ಎಲ್ಲಿದ್ದೇವೆ ಎಂದು ಯಾರೂ ನೆನಪಿಟ್ಟುಕೊಳ್ಳಬೇಕಿಲ್ಲ, ಕಣ್ಣೆತ್ತಿದರೆ ಸಾಕು. ಹಳೆಯದೆಂದು ನಾವು ಮೂಗು ಮುರಿಯುತ್ತಿದ್ದ ಆ ಪರದೆಗಳನ್ನು ಬಾಡಿಗೆಗೆ ತಂದೆವು.

ಸೌಂಡ್ ಸಿಸ್ಟಂನವನಿಗೆ ಬೇಸರವಾಯಿತು. ಅವನು ಎಕೋ ಇಲ್ಲದೆ ಕೃಷ್ಣನನ್ನು ರಂಗಕ್ಕೆ ತಂದವನೇ ಅಲ್ಲ. ಅವನ ದೊಡ್ಡ ಪೆಟ್ಟಿಗೆಗಳನ್ನು ಹೊರಗಿಟ್ಟು, ರಂಗದ ಅಂಚಿನಲ್ಲಿ ಎರಡು ಮೈಕ್ ಮಾತ್ರ ಉಳಿಸಿದೆವು. ಹಾರ್ಮೋನಿಯಂ ಮಾಸ್ತರರು ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಕಪ್ಪು ಎರಡರ ಶ್ರುತಿಯಲ್ಲಿ ಹಾಡುತ್ತಿದ್ದ ಹಾಡುಗಳನ್ನೆಲ್ಲ ಅದಕ್ಕಿಂತ ತಗ್ಗಿನ ಬಿಳಿ ಒಂದಕ್ಕೆ ಇಳಿಸಿದರು. "ನಮ್ಮವರು ಮಾತ್ರ ಹಾಡುವುದಾದರೆ ಮೇಲಿನದೇ ಸರಿ. ಎದುರಿಗೆ ಕೂತವರೂ ಹಾಡಬೇಕಲ್ಲ, ಎಪ್ಪತ್ತೈದರ ಗಂಟಲು ಅಷ್ಟು ಮೇಲೆ ಹತ್ತುವುದಿಲ್ಲ" ಎಂಬುದು ಅವರ ವಾದ. ಹದಿವಯಸ್ಸಿನಿಂದ ಮೂವತ್ತರೊಳಗೆ ಮನಸ್ಸಿಗೆ ಇಳಿದ ಹಾಡು ಕೊನೆಯವರೆಗೂ ಉಳಿಯುವ ಸಂಭವ ಹೆಚ್ಚು. ಆದ್ದರಿಂದ ನಾವು ಹೊಸದಾಗಿ ಕಟ್ಟಿದ ಹಾಡುಗಳನ್ನು ಬಿಟ್ಟು, ಬಂದವರ ಮನೆಗಳಲ್ಲಿ ಏನು ಹಾಡುತ್ತಿದ್ದರು ಎಂದು ಕೇಳಿ ಪಟ್ಟಿ ಮಾಡಿಕೊಂಡೆವು. ದಾಸರ ಪದ, ವಚನ, ಸೋಬಾನೆ, ಕೌಲ್ ಬಜಾರಿನ ಒಂದು ಮನೆಯಿಂದ ಮೊಹರಂನ ರಿವಾಯತ್ ಪದ.

ಪಟ್ಟಿಯಲ್ಲಿ ತೆಲುಗು ಪದ್ಯಗಳೂ ಬಂದವು. ಬಳ್ಳಾರಿಯಲ್ಲಿ ಇದು ಸಹಜ. ಆಂಧ್ರ ನಾಟಕ ಪಿತಾಮಹ ಎನಿಸಿಕೊಂಡ ಧರ್ಮವರಂ ರಾಮಕೃಷ್ಣಮಾಚಾರ್ಯುಲು ವಕೀಲಿ ಮಾಡಿಕೊಂಡು ನಾಟಕ ಕಟ್ಟಿದ ಊರು ಇದು, ಅವರ ಸೋದರಳಿಯ ಬಳ್ಳಾರಿ ರಾಘವ (1880–1946) ತೆಲುಗಿನಲ್ಲೂ ಕನ್ನಡದಲ್ಲೂ ಬಣ್ಣ ಹಚ್ಚಿದ ಊರು. ಎರಡು ಭಾಷೆ ಬಲ್ಲವರಿಗೆ ಡಿಮೆನ್ಷಿಯಾ ಬಂದರೆ ಅನೇಕ ವೇಳೆ ನಂತರ ಕಲಿತ ಭಾಷೆ ಮೊದಲು ಕಳಚುತ್ತದೆ, ತಾಯ್ನುಡಿ ನಿಲ್ಲುತ್ತದೆ. ಜೀವಮಾನವಿಡೀ ಅಂಗಡಿಯಲ್ಲಿ ಕನ್ನಡ ಮಾತನಾಡಿದ ಒಬ್ಬ ಅಜ್ಜ ಈಗ ಸೊಸೆಯ ಕನ್ನಡಕ್ಕೆ ಉತ್ತರ ಕೊಡುವುದನ್ನೇ ನಿಲ್ಲಿಸಿದ್ದರು. ನಮ್ಮ ಕೃಷ್ಣ ಒಂದು ಪದ್ಯವನ್ನು ತೆಲುಗಿನಲ್ಲಿ ಹಾಡುವುದೆಂದು ಠರಾವಾಯಿತು.

ನಿಜವಾದ ಜಗಳ ಬಿದ್ದದ್ದು ಎರಡು ಕಡೆ. ಒಂದು, ವೇದಿಕೆ ಕಾರ್ಯಕ್ರಮ. ನಮ್ಮಲ್ಲಿ ನಾಟಕವೆಂದರೆ ಮೊದಲು ದೀಪ ಬೆಳಗಬೇಕು, ಗಣ್ಯರು ಮಾತನಾಡಬೇಕು, ಶಾಲು ಹಾರ ತುರಾಯಿ ಆಗಬೇಕು, ವಂದನಾರ್ಪಣೆ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಮಲಗಿರಬೇಕು. ಅರ್ಧ ತಾಸು ಭಾಷಣ ಕೇಳಿ ದಣಿದವರಿಗೆ ಆಮೇಲೆ ಯಾವ ನಾಟಕ? ಭಾಷಣವೇ ಬೇಡ ಎಂದೆ. ಪರದೆಯ ಬಾಡಿಗೆಯನ್ನೂ ಚಹಾ ಖರ್ಚನ್ನೂ ಕೊಡಲು ಒಪ್ಪಿದ್ದ ವ್ಯಾಪಾರಿಗಳು ಇದನ್ನು ಕೇಳಿ ಹಣವನ್ನೇ ಹಿಂದಕ್ಕೆ ತೆಗೆದುಕೊಳ್ಳುವ ಹಾಗೆ ಮಾತನಾಡಿದರು. ಮಾವ ಅವರ ಅಂಗಡಿಗೆ ಹೋಗಿ ಏನು ಹೇಳಿದರೋ ತಿಳಿಯದು, ಆಟದ ದಿನ ಅವರೇ ಬಾಗಿಲಲ್ಲಿ ನಿಂತು ಬಂದವರ ಚಪ್ಪಲಿಗೆ ಟೋಕನ್ ಕೊಡುತ್ತಿದ್ದರು.

ಇನ್ನೊಂದು ಜಗಳ ಕಥೆಯದು. ಸುದಾಮನ ಕಥೆ ಆರಿಸಿಕೊಂಡಿದ್ದೆವು. ಎಲ್ಲರಿಗೂ ಗೊತ್ತಿರುವ ಕಥೆ, ಯುದ್ಧ ಇಲ್ಲ, ರಾಕ್ಷಸರಿಲ್ಲ, ಒಂದೊಂದು ದೃಶ್ಯವೂ ತನ್ನಷ್ಟಕ್ಕೆ ನಿಲ್ಲುತ್ತದೆ. ಹೆಂಡತಿ ಅವಲಕ್ಕಿ ಕಟ್ಟಿಕೊಡುತ್ತಾಳೆ, ಸುದಾಮ ದ್ವಾರಕೆಗೆ ಹೋಗುತ್ತಾನೆ, ಕೃಷ್ಣ ಕಾಲು ತೊಳೆಯುತ್ತಾನೆ, ಅವಲಕ್ಕಿ ತಿನ್ನುತ್ತಾನೆ, ಸುದಾಮ ಏನನ್ನೂ ಕೇಳದೆ ಮರಳುತ್ತಾನೆ. ತಾಲೀಮು ನೋಡಲು ಮನೆಯವರನ್ನು ಕರೆದಿದ್ದೆವು. ಕೊನೆಯ ದೃಶ್ಯದಲ್ಲಿ ಸುದಾಮ ಊರಿಗೆ ಬಂದು ತನ್ನ ಗುಡಿಸಲು ಕಾಣದೆ ಕಂಗಾಲಾಗುತ್ತಾನೆ, ಅಲ್ಲಿ ಅರಮನೆ ನಿಂತಿದೆ. ಇದೇನು, ಯಾರ ಜಾಗವಿದು ಎಂದು ಅವನು ದಿಗ್ಭ್ರಮೆಗೊಳ್ಳುವುದು ಭಾಗವತದ ದಶಮ ಸ್ಕಂಧದಲ್ಲೇ ಇದೆ. ನಮ್ಮ ಪಾತ್ರಧಾರಿ ಅದನ್ನು ಚೆನ್ನಾಗಿ ಎಳೆಯುತ್ತಿದ್ದ. ತಲೆ ಹಿಡಿದುಕೊಂಡು ಅಲೆಯುವುದು, "ನನ್ನ ಮನೆ ಎಲ್ಲಿ" ಎಂದು ಗೋಳಿಡುವುದು.

ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಅಲ್ಲಿದ್ದಳು. ಅತ್ತೆಯನ್ನು ನೋಡಿಕೊಳ್ಳುವವಳು ಅವಳೇ. ಅವಳು ಎದ್ದು ಹೇಳಿದಳು: "ಸರ್, ನಮ್ಮ ಅತ್ತೆ ದಿನಾ ಸಂಜೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಲ್ಲುತ್ತಾರೆ. ಮನೆಗೆ ಹೋಗೋಣ ನಡೆ ಎನ್ನುತ್ತಾರೆ. ನಿಂತಿರುವುದು ಅವರದೇ ಮನೆಯ ಬಾಗಿಲಲ್ಲಿ. ಇದೊಂದು ದೃಶ್ಯ ಬೇಡ." ಅಕ್ಕನೂ ತಲೆಯಾಡಿಸಿದಳು. ಭಾವನದೂ ಅದೇ ಕಥೆ.

ನಿರ್ದೇಶಕರು ಒಪ್ಪಲಿಲ್ಲ. ಮನೆ ಕಾಣದ ಸುದಾಮನಿಲ್ಲದಿದ್ದರೆ ನಾಟಕ ಎಲ್ಲಿ ಮುಗಿಸಲಿ ಎಂದರು. ನನಗೆ ಎರಡೂ ಕಡೆಯವರ ಮಾತು ಸರಿ ಎನಿಸಿತು. ಈ ಜನಕ್ಕೆ ದುಃಖದ ದೃಶ್ಯವೇ ಬೇಡ, ಬರೀ ನಗಿಸೋಣ ಎನ್ನುವುದು ಅವರನ್ನು ಮಗುವಿನಂತೆ ಕಂಡ ಹಾಗೆ. ಹಾಗೆಂದು ದಿನಾ ಸಂಜೆ ಅನುಭವಿಸುವ ಹೆದರಿಕೆಯನ್ನು ಟಿಕೆಟ್ ಇಲ್ಲದೆ ಮತ್ತೊಮ್ಮೆ ತೋರಿಸುವುದೂ ಸರಿಯಲ್ಲ. ಬಹಳ ಹೊತ್ತು ಮಾತಾಯಿತು. ಕೊನೆಗೆ ಮಾವ, "ಅವನು ಮನೆ ಹುಡುಕಲಿ. ಆದರೆ ಒಂದು ಸಲ ಕರೆದದ್ದೇ ಹೆಂಡತಿ ಹೊರಗೆ ಬರಲಿ. ಮನೆ ಬದಲಾಗಿದ್ದರೇನಂತೆ, ಹೆಂಡತಿಯ ಸೀರೆ ಬದಲಾಗುವುದು ಬೇಡ" ಎಂದರು.

ಇದು ಕೇಳಲು ಸಣ್ಣ ಮಾತು, ನಮ್ಮ ಸುಶೀಲೆಯ ಪಾತ್ರಧಾರಿಣಿಗೆ ಮಾತ್ರ ದೊಡ್ಡ ಪೆಟ್ಟು. ಇಡೀ ನಾಟಕದಲ್ಲಿ ತೇಪೆ ಹಾಕಿದ ನೂಲಿನ ಸೀರೆ ಉಡುವ ಅವಳಿಗೆ ರೇಷ್ಮೆ ಉಟ್ಟು ಒಡವೆ ಹಾಕಲು ಇದ್ದದ್ದು ಆ ಒಂದೇ ದೃಶ್ಯ. ಅರಮನೆಯ ಮುಂದೆ ಅದೇ ತೇಪೆ ಸೀರೆಯಲ್ಲಿ ನಿಂತರೆ ಜನ ನಗುವುದಿಲ್ಲವೇ ಎಂದು ಎರಡು ದಿನ ಮುನಿಸಿಕೊಂಡಳು. ಆದರೆ ಬಟ್ಟೆ ಬದಲಾದರೆ ಪಾತ್ರ ಬೇರೆಯೇ ಆಗಿಬಿಡುವ ಅಪಾಯ ಈ ಪ್ರೇಕ್ಷಕರಲ್ಲಿ ಇದೆ. ಅದೇ ಕಾರಣಕ್ಕೆ ಕೃಷ್ಣನೂ ಕೊನೆಯವರೆಗೆ ಒಂದೇ ಹಳದಿ ಪೀತಾಂಬರದಲ್ಲಿ ಇರಬೇಕಾಯಿತು, ಸುದಾಮ ಶಲ್ಯವನ್ನು ತೆಗೆಯುವಂತಿರಲಿಲ್ಲ.

ಬಾಗಿಲಲ್ಲಿ ನಿಲ್ಲಲು ಕಾಲೇಜಿನ ಹುಡುಗ ಹುಡುಗಿಯರು ಬಂದರು. ಅವರಿಗೆ ಅಕ್ಕನೇ ಪಾಠ ಮಾಡಿದಳು. ಬೆನ್ನ ಹಿಂದಿನಿಂದ ಮುಟ್ಟಬೇಡಿ, ಎದುರಿಗೆ ಬಂದು ನಿಮ್ಮ ಹೆಸರು ಹೇಳಿ. ನನ್ನ ಗುರುತು ಸಿಕ್ಕಿತೇ ಎಂದು ಪರೀಕ್ಷೆ ಮಾಡಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಇವತ್ತು ಯಾವ ವಾರ ಎಂದು ತಿದ್ದಲು ಹೋಗಬೇಡಿ, ಅವರಿಗೆ ಭಾನುವಾರ ಎನಿಸಿದರೆ ಭಾನುವಾರವೇ ಇರಲಿ. ಟಾರ್ಚ್ ಮನೆಯಲ್ಲಿ ಬಿಟ್ಟು ಬನ್ನಿ. ಪಾತ್ರಧಾರಿಗಳಿಗೆ ಇದ್ದದ್ದು ಒಂದೇ ಸೂಚನೆ: ಯಾರಾದರೂ ರಂಗಕ್ಕೆ ಹತ್ತಿದರೆ ಪಾತ್ರದಲ್ಲೇ ಇದ್ದು ಮಾತನಾಡಿಸಿ, ಓಡಿಸಬೇಡಿ.

ತಿಂಡಿಯ ಬಗ್ಗೆ ವೈದ್ಯರು ಎಚ್ಚರಿಸಿದ್ದರು. ನಮ್ಮ ಕಡೆ ಯಾವ ಸಭೆಯಾದರೂ ಮಂಡಕ್ಕಿ ಮಿರ್ಚಿ ಇರಲೇಬೇಕು. ಆದರೆ ಕಾಯಿಲೆ ಮುಂದುವರಿದವರಿಗೆ ನುಂಗುವುದೇ ಕಷ್ಟ, ಒಣ ಮಂಡಕ್ಕಿ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಕಥೆಗೂ ಹೊಂದುತ್ತದೆಂದು ಮೊಸರು ಕಲಸಿದ ಮೆತ್ತನೆಯ ಅವಲಕ್ಕಿ, ಉಗುರು ಬೆಚ್ಚಗಿನ ಚಹಾ ಇಟ್ಟೆವು.

ಆಟದ ದಿನ ಪರದೆ ಏಳುವ ಮೊದಲು ಪಾತ್ರಧಾರಿಗಳೆಲ್ಲ ರಂಗದ ಮುಂದೆ ಬಂದು, "ನಾನು ಕೃಷ್ಣ, ಈ ಹಳದಿ ಬಟ್ಟೆಯವನು", "ನಾನು ಸುದಾಮ, ಬಡವ" ಎಂದು ಹೇಳಿ ನಮಸ್ಕಾರ ಮಾಡಿದರು. ಎದುರಿಗಿದ್ದವರೂ ಕೈಮುಗಿದರು. ಶುರುವಾಗಿ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು. ನಾನು ಮೊದಲೇ ಇನ್ವರ್ಟರಿಗೆ ಸಭಾಂಗಣದ ಸಾಲು ದೀಪಗಳನ್ನು ಕಟ್ಟಿದ್ದೆ, ಕತ್ತಲೆಯಾಗಲಿಲ್ಲ. ಫ್ಯಾನು ನಿಂತದ್ದಕ್ಕೆ ಒಬ್ಬ ಅಮ್ಮ ಕೃಷ್ಣನನ್ನೇ ತರಾಟೆಗೆ ತೆಗೆದುಕೊಂಡರು. ಒಬ್ಬ ಹಿರಿಯರು ಆಟದುದ್ದಕ್ಕೂ ಹೊರಗೆ ಹೋಗಿ ಒಳಗೆ ಬರುತ್ತಲೇ ಇದ್ದರು. ಪ್ರತಿ ಸಲವೂ ಒಬ್ಬ ಹುಡುಗ ಅವರ ಜೊತೆ ನಡೆದು ಬೇವಿನ ಮರದವರೆಗೆ ಹೋಗಿ ಬಂದ. ಒಂದು ಕುಟುಂಬ ಹತ್ತೇ ನಿಮಿಷಕ್ಕೆ ಎದ್ದು ಹೋಯಿತು, ಅಜ್ಜಿಗೆ ಜನ ಸೇರಿದ್ದೇ ಹಿಡಿಸಲಿಲ್ಲ. ದಾಸರ ಪದ ಬಂದಾಗ ಒಬ್ಬ ತಾಯಿ ಅಳತೊಡಗಿದರು. ಮಗ ಕಂಗೆಟ್ಟು ಕರೆದೊಯ್ಯಲು ಎದ್ದ. ಅಕ್ಕ ಅವನ ಭುಜ ಹಿಡಿದು ಕೂರಿಸಿ, "ಅಳಲಿ ಬಿಡಪ್ಪಾ, ಹಾಡಿಗೆ ಅಳುತ್ತಿದ್ದಾರೆ" ಎಂದಳು. ಅಳುತ್ತಲೇ ಆ ತಾಯಿ ಮುಂದಿನ ನುಡಿ ಹೇಳಿದರು. ತೆಲುಗು ಪದ್ಯಕ್ಕೆ ಅಂಗಡಿಯ ಅಜ್ಜ ತೊಡೆ ತಟ್ಟಿ ತಾಳ ಹಾಕಿ, ಕೊನೆಯಲ್ಲಿ "ಒನ್ಸ್ ಮೋರ್" ಎಂದರು. ಮಾವ ಸೈಡ್ ವಿಂಗಿನಲ್ಲಿ ನಿಂತು ನಿರ್ದೇಶಕರ ಮುಖವನ್ನೇ ನೋಡುತ್ತಿದ್ದರು. ನಿರ್ದೇಶಕರು ಕೈಯಾಡಿಸಿದರು, ಕೃಷ್ಣ ಇನ್ನೊಮ್ಮೆ ಹಾಡಿದ.

ಕಾಲು ತೊಳೆಯುವ ದೃಶ್ಯದಲ್ಲಿ ಮೊದಲ ಸಾಲಿನ ಒಬ್ಬ ಅಮ್ಮ ನಿಧಾನಕ್ಕೆ ಮೆಟ್ಟಿಲು ಹತ್ತಿ ರಂಗಕ್ಕೆ ಬಂದರು. ಕೃಷ್ಣ ಹಿತ್ತಾಳೆ ತಂಬಿಗೆಯಿಂದ ನೀರು ಹಾಕುತ್ತಿದ್ದ. ಅಮ್ಮ ಅವನ ಕೈಯಿಂದ ತಂಬಿಗೆ ತೆಗೆದುಕೊಂಡು, ಸುದಾಮನ ಹಿಮ್ಮಡಿಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬೆರಳ ಸಂದಿಗಳನ್ನು ಒಂದೊಂದಾಗಿ ತಿಕ್ಕಿದರು. ಹೊಲದಿಂದ ಬಂದವರ ಕಾಲು ತೊಳೆದು ಗೊತ್ತಿರುವವರ ಕೈ ಅದು, ನಮ್ಮ ಕೃಷ್ಣ ಬರೀ ನೀರು ಸುರಿಯುತ್ತಿದ್ದ. "ಎಷ್ಟು ದೂರ ನಡೆದು ಬಂದಿ" ಎಂದು ಕೇಳಿದರು. ಸುದಾಮನಿಗೆ ಸಂಭಾಷಣೆ ಮರೆತುಹೋಯಿತು. "ಬಹಳ ದೂರ, ಅವ್ವಾ" ಎಂದ. ಸೆರಗಿನಿಂದ ಕಾಲು ಒರೆಸಿ ಅವರು ತಾವಾಗಿಯೇ ಇಳಿದು ಹೋದರು.

ಜಗಳ ಬಿದ್ದ ಆ ಕೊನೆಯ ದೃಶ್ಯ ಬಂತು. ಅರಮನೆಯ ಪರದೆ ಇಳಿಯಿತು. ಸುದಾಮ ಅದರ ಮುಂದೆ ನಿಂತು, "ಇದು ಯಾರ ಮನೆ?" ಎಂದನೋ ಇಲ್ಲವೋ, ಎರಡನೇ ಸಾಲಿನಿಂದ ನಿವೃತ್ತ ಮೇಷ್ಟ್ರೊಬ್ಬರು ಗಟ್ಟಿ ದನಿಯಲ್ಲಿ, "ನಿನ್ನದೇ ಮನೆ. ಒಳಗೆ ಹೋಗು" ಎಂದರು. ಹಿಂದಿನಿಂದ ಇನ್ನೊಂದು ದನಿ, "ಕಾಲು ತೊಳೆದುಕೊಂಡು ಹೋಗು". ಸಭೆಯೆಲ್ಲ ನಕ್ಕಿತು. ಅಷ್ಟರಲ್ಲಿ ತೇಪೆ ಸೀರೆಯ ಸುಶೀಲೆ ಹೊರಗೆ ಬಂದು ಅವನ ಕೈ ಹಿಡಿದಳು. ಯಾರೂ ಸೀರೆ ನೋಡಿ ನಗಲಿಲ್ಲ. ದೃಶ್ಯ ಬೇಡ ಎಂದಿದ್ದ ಹೆಣ್ಣುಮಗಳ ಅತ್ತೆಗೆ ಇದಾವುದೂ ತಟ್ಟಿದಂತೆ ಕಾಣಲಿಲ್ಲ, ಅವರು ಬಟ್ಟಲಿನ ಅವಲಕ್ಕಿಯಲ್ಲಿ ಮಗ್ನರಾಗಿದ್ದರು. ಆ ಸಂಜೆಯೂ ಎಂದಿನಂತೆ ಗಂಟು ಕಟ್ಟಿದರಂತೆ.

ನಮ್ಮ ಭಾವ? ಮೊದಲ ಹಾಡಿಗೇ ನಿದ್ದೆ ಹೋದರು. ಚಹಾಕ್ಕೆ ಎದ್ದರು, ಸಕ್ಕರೆ ಸಾಲದು ಎಂದರು, ಮತ್ತೆ ಮಲಗಿದರು. ಅಕ್ಕನ ಮಡಿಲಿಗೆ ಕಾಲು ಚಾಚಿ ಇಡೀ ನಾಟಕ ಮುಗಿಸಿದರು. ಅಕ್ಕ ಮಾತ್ರ ವರ್ಷಗಳ ಮೇಲೆ ಒಂದು ನಾಟಕವನ್ನು ಆರಂಭದಿಂದ ಕೊನೆಯವರೆಗೆ ನೋಡಿದಳು. ಆಟ ಮುಗಿದ ಮೇಲೆ ನೋಡಿಕೊಳ್ಳುವವರೆಲ್ಲ ಒಬ್ಬರ ನಂಬರ್ ಒಬ್ಬರು ಬರೆದುಕೊಳ್ಳುತ್ತಾ ಸಭಾಂಗಣದಲ್ಲೇ ನಿಂತುಬಿಟ್ಟರು. ರಾತ್ರಿ ಮಲಗದಿದ್ದರೆ ಏನು ಮಾಡುತ್ತೀರಿ, ಬಾಗಿಲಿಗೆ ಎಂಥ ಚಿಲಕ ಹಾಕಿದ್ದೀರಿ ಎಂಬ ಮಾತು. ಕಾವಲುಗಾರ ಬೀಗದ ಕೈ ಅಲ್ಲಾಡಿಸುವವರೆಗೂ ಅವರು ಹೊರಡಲಿಲ್ಲ. ಮುಂದಿನ ಆಟಕ್ಕೆ ಅದಕ್ಕೆಂದೇ ಅರ್ಧ ತಾಸು ಹೆಚ್ಚಿಗೆ ಬಾಡಿಗೆ ಕಟ್ಟುತ್ತೇವೆ.

ಮುಂದಿನ ಆಟಕ್ಕೆ ತೊಗಲುಗೊಂಬೆ ಬೇಕು ಎಂದು ಕೆಲವರು ಕೇಳಿದ್ದಾರೆ. ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರು ಬದುಕಿ ಬಾಳಿದ ಜಿಲ್ಲೆ ಇದು. ಪಕ್ಕದ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಗೊಂಬೆಯಾಟದ ಹೆಸರು ಮತ್ತೆ ಎಲ್ಲರ ಬಾಯಲ್ಲಿದೆ. ತೊಂದರೆ ಏನೆಂದರೆ, ಆ ಕಲೆಗೆ ಕತ್ತಲೆಯೇ ಬೇಕು. ಪರದೆಯ ಹಿಂದೆ ದೀಪ, ಈಚೆ ಕತ್ತಲೆ, ಆಗ ಮಾತ್ರ ತೊಗಲಿನ ಕೆಂಪು, ಹಸಿರು ಹೊಳೆಯುತ್ತವೆ. ಗೊಂಬೆಯಾಟದ ಒಬ್ಬ ಹಿರಿಯರ ಮನೆಯಲ್ಲಿ ಪರೀಕ್ಷೆ ಮಾಡಿ ನೋಡಿದೆ. ಹಿಂದೆ ಎಲ್‌ಇಡಿ ಹಾಕಿದರೆ ಬಣ್ಣ ಬರುತ್ತದೆ, ಆದರೆ ಬಿಳಿಚಿಕೊಳ್ಳುತ್ತದೆ. ಹಳದಿ ಹಾಳೆ ಸುತ್ತಿದರೆ ಸರಿಹೋಗುತ್ತದೆ, ಆದರೆ ಮಂಕಾಗುತ್ತದೆ. ಆ ಹಿರಿಯರು, "ಮುಂದಿನ ದೀಪ ಇಳಿಸಬೇಡ, ಎಲ್ಲರನ್ನೂ ಪರದೆಯ ಹತ್ತಿರ ತಂದು ಕೂರಿಸು. ಬೇಕಾದವರು ಹಿಂದೆ ಬಂದು ಗೊಂಬೆ ಮುಟ್ಟಿ ನೋಡಲಿ" ಎಂದಿದ್ದಾರೆ. ಹಾಗೆ ಮಾಡಿದರೆ ಒಮ್ಮೆಗೆ ಏಳೆಂಟು ಮನೆಯವರಿಗಿಂತ ಹೆಚ್ಚು ಜನ ಹಿಡಿಯುವುದಿಲ್ಲ, ಎರಡು ಆಟ ಆಡಬೇಕಾಗುತ್ತದೆ. ಸಿರುಗುಪ್ಪದ ಕಡೆಯವರೂ ಕೇಳುತ್ತಿರುವುದರಿಂದ ಒಂದನ್ನು ಅಲ್ಲೇ ಇಟ್ಟುಕೊಳ್ಳೋಣ ಎಂಬ ಯೋಚನೆ ಇದೆ. ಚಪ್ಪಲಿ ಟೋಕನ್ ಕೊಟ್ಟ ವ್ಯಾಪಾರಿಗಳು ವ್ಯಾನ್ ಕಳಿಸಲು ಒಪ್ಪಿದ್ದಾರೆ, ಶಾಲಿನ ಮಾತು ಈ ಸಲ ಎತ್ತಿಲ್ಲ.